ಸರಾಸರಿಯಲ್ಲಿ ಮರೆಯಾಗುವ ಮುಂಜಾನೆಯ ಹೊಗೆ

ಧನುರ್ಮಾಸದ ಪೂಜೆಗೆಂದು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ ಬರುವವರು ಸೂರ್ಯೋದಯಕ್ಕೆ ಮುನ್ನವೇ ಕಪಿಲೆಯಲ್ಲಿ ಮಿಂದು ನಿಲ್ಲುತ್ತಾರೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಈ ಒಂದು ತಿಂಗಳ ಚಳಿಯ ಮುಂಜಾವು ದೇಹಕ್ಕೂ ಮನಸ್ಸಿಗೂ ಹಿತವೆಂಬುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. ಬ್ರಾಹ್ಮೀ ಮುಹೂರ್ತದ ಗಾಳಿಗಿಂತ ಶುದ್ಧವಾದುದು ಬೇರೊಂದಿಲ್ಲವೆಂದು ಯೋಗ ಶಿಕ್ಷಕರು ಹೇಳುತ್ತಾರೆ. ಸಕ್ಕರೆ ಕಾಯಿಲೆಯವರನ್ನು ಬೆಳಗಿನ ನಡಿಗೆಗೆ ಕಳುಹಿಸುವ ವೈದ್ಯರೂ ಅದನ್ನೇ ಅನುಮೋದಿಸುತ್ತಾರೆ. ಕಾರ್ಖಾನೆ, ಹೆದ್ದಾರಿ, ಪ್ಲಾಸ್ಟಿಕ್ ಕಸ ಯಾವುದೂ ಇಲ್ಲದ ಕಾಲದಲ್ಲಿ ಆ ಮಾತು ಸಲ್ಲುತ್ತಿದ್ದಿರಬಹುದು. ಇಂದಿನ ಪಟ್ಟಣಗಳಲ್ಲಿ ಅದು ತಲೆಕೆಳಗಾಗಿದೆ. ಚಳಿಗಾಲದ ಮುಂಜಾನೆಯಿಂದ ಹತ್ತು ಗಂಟೆಯೊಳಗಿನ ಅವಧಿ, ಹಾಗೂ ದೀಪ ಹಚ್ಚುವ ಹೊತ್ತಿನಿಂದ ಮಲಗುವ ಹೊತ್ತಿನವರೆಗಿನ ಅವಧಿ, ಇವೆರಡೇ ದಿನದಲ್ಲಿ ಗಾಳಿ ಅತ್ಯಂತ ಮಲಿನವಾಗಿರುವ ಸಮಯ. ಭಾರತದ ನಗರಗಳಲ್ಲಿ ಗಂಟೆ ಗಂಟೆಯ ಅಳತೆ ಆರಂಭವಾದಂದಿನಿಂದ ಈ ಎರಡು ಏರಿಕೆಗಳ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಂಡಿದೆ.

ಇದಕ್ಕೆ ಕಾರಣ ಬೆಳಿಗ್ಗೆ ಹೊಗೆ ಹೆಚ್ಚು ಹುಟ್ಟುತ್ತದೆ ಎಂಬುದಷ್ಟೇ ಅಲ್ಲ. ಹುಟ್ಟಿದ ಹೊಗೆಗೆ ಹೋಗಲು ದಾರಿಯಿರುವುದಿಲ್ಲ ಎಂಬುದೇ ಮುಖ್ಯ ಕಾರಣ. ಹಗಲಿನಲ್ಲಿ ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿ ಗಾಳಿ ಮೇಲೇರುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಈ ಕಲಕುವಿಕೆಯಿಂದ ಹೊಗೆ ಒಂದು, ಒಂದೂವರೆ, ಕೆಲವೊಮ್ಮೆ ಎರಡು ಕಿಲೋಮೀಟರ್ ಎತ್ತರದವರೆಗೆ ಹರಡಿ ತೆಳುವಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಬೇಗನೆ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಅಲ್ಲೇ ಕುಳಿತುಬಿಡುತ್ತದೆ. ಅದರ ಮೇಲಿನ ಗಾಳಿ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಭೂಗೋಳದ ಪಾಠದಲ್ಲಿ ಇದನ್ನು ಉಷ್ಣಾಂಶದ ವಿಲೋಮತೆ ಎನ್ನುತ್ತಾರೆ. ಊರಿನ ಮೇಲೆ ಮುಚ್ಚಳ ಹಾಕಿದಂತೆ ಎಂದರೆ ಹೆಚ್ಚು ಸುಲಭವಾಗಿ ಅರ್ಥವಾದೀತು. ಹಗಲು ಒಂದೂವರೆ ಕಿಲೋಮೀಟರ್ ಎತ್ತರವಿದ್ದ ಕೋಣೆ ರಾತ್ರಿ ನೂರಿನ್ನೂರು ಮೀಟರಿಗೆ ಕುಗ್ಗುತ್ತದೆ. ಅಷ್ಟೇ ಪ್ರಮಾಣದ ಹೊಗೆಯನ್ನು ಹಗಲು ದೊಡ್ಡ ಸಭಾಂಗಣದಲ್ಲಿ ಬಿಡುವುದಕ್ಕೂ ರಾತ್ರಿ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಬಿಡುವುದಕ್ಕೂ ಇರುವ ವ್ಯತ್ಯಾಸ ಇದು.

ಡಿಸೆಂಬರ್, ಜನವರಿಯ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೇಲಿಂದ ಕೆಳಗೆ ನೋಡಿದವರಿಗೆ ಈ ಮುಚ್ಚಳ ಕಣ್ಣಿಗೇ ಕಂಡಿರುತ್ತದೆ. ಬೂದು ಬಣ್ಣದ ಪದರವೊಂದು ಊರಿನ ಮೇಲೆ ಹಾಸಿಕೊಂಡಿರುತ್ತದೆ. ಅದರ ಮೇಲಂಚು ಗೆರೆ ಎಳೆದಂತೆ ಸಮತಟ್ಟಾಗಿರುತ್ತದೆ. ಅದನ್ನು ಮಂಜೆಂದು ಮೆಚ್ಚಿ ಛಾಯಾಚಿತ್ರ ತೆಗೆಯುತ್ತೇವೆ. ನದಿಯ ಮೇಲೇಳುವ ಮಂಜು ಶುದ್ಧ ನೀರೇ ಹೌದು. ಆದರೆ ಮಂಜಿನ ಹನಿ ಕಟ್ಟಲು ಗಾಳಿಯಲ್ಲಿ ತೇಲುವ ಕಣವೊಂದು ಬೇಕು, ಹೊಗೆಯ ಕಣಗಳು ತೇವವನ್ನು ಹೀರಿ ಹಿಗ್ಗುತ್ತವೆ ಎಂಬುದೂ ಅಷ್ಟೇ ನಿಜ. ಕಪಿಲೆಯ ದಂಡೆಯಲ್ಲಿರುವ ನಂಜನಗೂಡು, ಕಾವೇರಿ-ಕಪಿಲೆಯರ ಸಂಗಮದಲ್ಲಿರುವ ತಿರುಮಕೂಡಲು ನರಸೀಪುರ ಎರಡೂ ತಗ್ಗಿನ ಊರುಗಳು. ತಂಪು ಗಾಳಿ ನೀರಿನಂತೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ನದಿ ಬಳಿಯ ಊರೆಂದರೆ ಗಾಳಿ ಚೆನ್ನಾಗಿರುತ್ತದೆ ಎನ್ನುವ ಮಾತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಗಾಳಿಯ ಕಾಲಕ್ಕೆ ಸರಿ. ಚಳಿಗಾಲದ ಗಾಳಿಯಿಲ್ಲದ ರಾತ್ರಿಗಳಿಗೆ ಅನ್ವಯಿಸದು.

ಈ ಮುಚ್ಚಳದ ಕೆಳಗೆ ಬೆಳಗಿನ ನಾಲ್ಕೂವರೆ, ಐದರಿಂದ ಏನೇನು ಸೇರಿಕೊಳ್ಳುತ್ತದೆಂದು ನೋಡಬೇಕು. ಮೊದಲನೆಯದು ಬಚ್ಚಲ ಒಲೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನಿಲದ ಸಿಲಿಂಡರು ಬಡವರ ಅಡುಗೆಮನೆಗೆ ಬಂದಿದೆ, ಆದರೆ ಬಚ್ಚಲಿಗೆ ಬಂದಿಲ್ಲ. ಸ್ನಾನದ ಹಂಡೆಯ ಕೆಳಗೆ ಇಂದಿಗೂ ತೆಂಗಿನ ಗರಿ, ಮಟ್ಟೆ, ಸೌದೆ ಉರಿಯುತ್ತವೆ. ಅವುಗಳ ಜೊತೆಗೆ ಉರಿ ಹೊತ್ತಿಸಲೆಂದು ಹಾಲಿನ ಪ್ಯಾಕೆಟ್ಟು, ಚೀಲ, ಹಳೆಯ ಚಪ್ಪಲಿಯೂ ಹೋಗುತ್ತವೆ. ಬಳಿಕ ಬೀದಿ ಗುಡಿಸುವವರು. ಒಣ ಪೊರಕೆಯಿಂದ ಎದ್ದ ದೂಳು ಆ ಹೊತ್ತಿನಲ್ಲಿ ಮೇಲೆ ಹೋಗದೆ ಗುಡಿಸುವವರ ಮೂಗಿನ ಮಟ್ಟದಲ್ಲೇ ತೇಲುತ್ತದೆ. ಗುಡಿಸಿದ ರಾಶಿಗೆ ಅಲ್ಲಲ್ಲೇ ಬೆಂಕಿ ಬೀಳುವುದೂ ಉಂಟು. ಬಯಲಿನಲ್ಲಿ ಕಸ ಸುಟ್ಟರೆ ಐದು ಸಾವಿರ ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ ಇಪ್ಪತ್ತೈದು ಸಾವಿರ ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ದಂಡ ವಸೂಲಿ ಮಾಡಬೇಕಾದ ಅಧಿಕಾರಿ ಕಚೇರಿಗೆ ಬರುವುದು ಹತ್ತು ಗಂಟೆಗೆ. ಅಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತದೆ.

ಏಳೂವರೆಯಿಂದ ಶಾಲಾ ವಾಹನಗಳು, ಕಾರ್ಖಾನೆಗಳ ಪಾಳಿ ಬಸ್ಸುಗಳು, ಮೈಸೂರಿಗೆ ಕೆಲಸಕ್ಕೆ ಹೋಗುವವರ ದ್ವಿಚಕ್ರ ವಾಹನಗಳು ರಸ್ತೆಗಿಳಿಯುತ್ತವೆ. ಇವುಗಳ ಜೊತೆಗೆ ನಂಜನಗೂಡಿಗೆ ವಿಶಿಷ್ಟವಾದ ಇನ್ನೊಂದು ಸಂಗತಿಯಿದೆ. ಕೋಯಿಕ್ಕೋಡಿನಿಂದ ವಯನಾಡು, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರಗಳ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766, ಅಂದರೆ ಹಿಂದಿನ 212, ನಮ್ಮ ಎರಡೂ ಊರುಗಳನ್ನು ಪೋಣಿಸುತ್ತದೆ. ಬಂಡೀಪುರದ ಅರಣ್ಯದೊಳಗೆ ಈ ರಸ್ತೆಯಲ್ಲೂ ಊಟಿ ರಸ್ತೆಯಲ್ಲೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ, ಕೆಲವೇ ಬಸ್ಸು ಮತ್ತು ತುರ್ತು ವಾಹನಗಳ ಹೊರತಾಗಿ, ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂತು. ರಾಜ್ಯ ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿ ಹಿಡಿಯಿತು. ಆನೆ, ಹುಲಿ, ಜಿಂಕೆಗಳ ಪಾಲಿಗೆ ಇದು ಜೀವದಾನ. ಅದನ್ನು ಸಡಿಲಿಸಬೇಕೆನ್ನುವ ವಾದಕ್ಕೆ ಈ ಲೇಖನದಿಂದ ಬಲ ಸಿಗಬಾರದು. ಆದರೆ ನಿಷೇಧದ ಗಡಿಯಾರ ಕೆಳಗಿನ ಊರಿನ ಗಾಳಿಯ ಮೇಲೆ ಏನು ಮಾಡುತ್ತದೆಂದು ಯೋಚಿಸಬೇಕಿತ್ತು. ಬೆಳಿಗ್ಗೆ ಆರಕ್ಕೆ ಗಡಿಯ ಆಚೆ ಗೇಟು ತೆರೆದೊಡನೆ ಹೊರಡುವ ಲಾರಿಗಳ ಸಾಲು ಕಾಡು ದಾಟಿ, ಗುಂಡ್ಲುಪೇಟೆ ಹಾಯ್ದು ನಂಜನಗೂಡಿನ ಸಮೀಪ ಬರುವುದು ಸುಮಾರಾಗಿ ಎಂಟರ ಆಸುಪಾಸು. ಒಂಬತ್ತಕ್ಕೆ ಮುನ್ನ ಕಾಡು ಸೇರಬೇಕೆಂದು ಮೈಸೂರಿನಿಂದ ಧಾವಿಸುವವು ನಂಜನಗೂಡನ್ನು ಹಾಯುವುದು ಸಂಜೆ ಏಳರ ಸುಮಾರಿಗೆ. ಒಂದು, ಮುಚ್ಚಳ ಇನ್ನೂ ತೆರೆಯದ ಹೊತ್ತು. ಇನ್ನೊಂದು, ಆಗಷ್ಟೇ ಮುಚ್ಚಿದ ಹೊತ್ತು. ಇಡೀ ರಾತ್ರಿಗೆ ಹಂಚಿಹೋಗುತ್ತಿದ್ದ ಡೀಸೆಲ್ ಹೊಗೆ ಎರಡು ಕೆಟ್ಟ ಗಳಿಗೆಗಳಿಗೆ ಒತ್ತರಿಸಲ್ಪಟ್ಟಿದೆ. ಗುಂಡ್ಲುಪೇಟೆಯ ಬಳಿ ಲಾರಿಗಳು ಇಂಜಿನ್ ಆರಿಸಿ ತಂಗಲು ಸುವ್ಯವಸ್ಥಿತ ನಿಲ್ದಾಣ ಒದಗಿಸಿ, ಅವನ್ನು ತಂಡ ತಂಡವಾಗಿ ಬಿಡುವುದು ಅಸಾಧ್ಯದ ಕೆಲಸವೇನಲ್ಲ.

ನಂಜನಗೂಡಿನ ಜನರಿಗೆ ಇದಕ್ಕಿಂತ ಹಳೆಯದಾದ ಇನ್ನೊಂದು ಸಂಶಯವಿದೆ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಹಗಲು ಸುಮ್ಮನಿದ್ದು ರಾತ್ರಿ ಹೊಗೆ ಬಿಡುತ್ತವೆ ಎಂಬುದು ಅದು. ಕೈಗಾರಿಕಾ ಪ್ರದೇಶವಿರುವ ರಾಜ್ಯದ ಯಾವ ಊರಿಗೆ ಹೋದರೂ ಇದೇ ಮಾತು ಕೇಳಿಬರುತ್ತದೆ. ಉದ್ಯಮಿಗಳು ಇದನ್ನು ಅಪಪ್ರಚಾರವೆನ್ನುತ್ತಾರೆ, ನಿವಾಸಿಗಳು ಮೂಗು ಸುಳ್ಳು ಹೇಳದೆನ್ನುತ್ತಾರೆ. ವಿಚಿತ್ರವೆಂದರೆ ಇಬ್ಬರೂ ಸತ್ಯವನ್ನೇ ಹೇಳುತ್ತಿರುವ ಸಾಧ್ಯತೆಯಿದೆ. ಇಪ್ಪತ್ನಾಲ್ಕು ಗಂಟೆಯೂ ಒಂದೇ ಪ್ರಮಾಣದಲ್ಲಿ ಹೊಗೆ ಬಿಡುವ ಕಾರ್ಖಾನೆಯ ವಾಸನೆ ಮಧ್ಯಾಹ್ನ ಯಾರಿಗೂ ತಿಳಿಯದೆ, ರಾತ್ರಿ ಮಾತ್ರ ಮನೆಯೊಳಗೆ ಬರಬಲ್ಲದು. ಎತ್ತರದ ಚಿಮಣಿಯ ವಿಷಯ ಇನ್ನೂ ಸೂಕ್ಷ್ಮ. ಅದರ ಹೊಗೆ ರಾತ್ರಿಯಿಡೀ ತಂಪು ಪದರದ ಮೇಲ್ಭಾಗದಲ್ಲಿ ಚಪ್ಪಟೆಯಾಗಿ ತೇಲುತ್ತಿದ್ದು, ಬಿಸಿಲೇರಿ ಗಾಳಿ ಕಲಕತೊಡಗಿದಾಗ ಒಮ್ಮೆಲೇ ನೆಲಕ್ಕಿಳಿಯುತ್ತದೆ. ರಾತ್ರಿ ಹುಟ್ಟಿದ ಹೊಗೆ ಶಾಲೆಯ ಗಂಟೆಯ ಹೊತ್ತಿಗೆ ಉಸಿರಿಗೆ ಬರುವುದು ಹೀಗೆ. ಹಾಗೆಂದು ಕದ್ದುಮುಚ್ಚಿ ಬಿಡುವವರೇ ಇಲ್ಲವೆಂದು ನಾನು ಹೇಳಲಾರೆ. ಯಾವುದು ಪ್ರಕೃತಿಯ ಕೆಲಸ, ಯಾವುದು ಮನುಷ್ಯನದು ಎಂದು ಬೇರ್ಪಡಿಸಲು ಗಂಟೆ ಗಂಟೆಯ ಲೆಕ್ಕ ಬೇಕು. ಔಷಧ, ಸಕ್ಕರೆ, ಮದ್ಯಸಾರ ಸೇರಿದಂತೆ 17 ವರ್ಗಗಳ ಅತಿಮಾಲಿನ್ಯಕಾರಿ ಉದ್ದಿಮೆಗಳು ಚಿಮಣಿಗೆ ನಿರಂತರ ಮಾಪಕ ಅಳವಡಿಸಿ ಮಾಹಿತಿಯನ್ನು ನೇರವಾಗಿ ಮಂಡಳಿಗೆ ರವಾನಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ನಿರ್ದೇಶಿಸಿತು. ನಂಜನಗೂಡು ತಾಲ್ಲೂಕಿನಲ್ಲಿ ಈ ವರ್ಗದ ಉದ್ದಿಮೆಗಳಿವೆ. ಆ ಅಂಕಿಗಳನ್ನು ಊರಿನ ನಡುವೆ, ಜನ ಓದುವ ಭಾಷೆಯಲ್ಲಿ, ಗಂಟೆಯ ಲೆಕ್ಕದಲ್ಲಿ ಪ್ರದರ್ಶಿಸಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಉಳಿದರ್ಧಕ್ಕೆ ಸಾಕ್ಷ್ಯ ಸಿಗುತ್ತದೆ.

ಅಳತೆಯ ಪ್ರಶ್ನೆಗೇ ಬರೋಣ. ಸಮಸ್ಯೆಯ ಬೇರು ಅಲ್ಲಿದೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ 2.5 ಮೈಕ್ರೊಮೀಟರ್‌ಗಿಂತ ಚಿಕ್ಕದಾದ ಕಣಗಳು, ಅಂದರೆ ಪಿ.ಎಂ. 2.5, ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೊಗ್ರಾಂ ಮೀರಬಾರದು. ಇದು 24 ಗಂಟೆಗಳ ಸರಾಸರಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15. ಅದೂ 24 ಗಂಟೆಗಳ ಸರಾಸರಿಯೇ. ಒಂದು ಕಾಲ್ಪನಿಕ ದಿನವನ್ನು ತೆಗೆದುಕೊಳ್ಳಿ. ನಾಲ್ಕು ಗಂಟೆ ಕಾಲ 120, ಆರು ಗಂಟೆ 60, ಉಳಿದ ಹದಿನಾಲ್ಕು ಗಂಟೆ 30 ಮೈಕ್ರೊಗ್ರಾಂ ಇತ್ತೆಂದುಕೊಳ್ಳೋಣ. ಸರಾಸರಿ 52.5. ಮಾನದಂಡ ಪಾಲನೆಯಾಗಿದೆ, ನಮ್ಮ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಆ ದಿನಕ್ಕೆ ‘ತೃಪ್ತಿಕರ’ ಎಂಬ ಹಸಿರು ಚೌಕ ಸಿಗುತ್ತದೆ. ಆದರೆ ಆ ನಾಲ್ಕು ಗಂಟೆಗಳಲ್ಲೇ ಬೀದಿ ಗುಡಿಸಿದ, ಹಾಲು ಹಾಕಿದ, ಮೈದಾನದಲ್ಲಿ ಓಡಿದ, ಶಾಲಾ ಬಸ್ಸಿಗೆ ಕಾದು ನಿಂತ ಜೀವಗಳಿಗೆ ಆ ಸರಾಸರಿ ಯಾರದೋ ಮನೆಯ ಲೆಕ್ಕ. ಸರಾಸರಿ ಒಂದಡಿ ಆಳವೆಂದು ನಂಬಿ ಹೊಳೆ ದಾಟಲು ಹೋದವನ ಪಾಡು ಎಲ್ಲರಿಗೂ ಗೊತ್ತು.

ಹಳೆಯ ಪದ್ಧತಿಯ ಕೇಂದ್ರಗಳಲ್ಲಿ ಇನ್ನೂ ದೊಡ್ಡ ಜರಡಿಯಿದೆ. ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ಅಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಗಾಳಿಯ ಮಾದರಿ ಸಂಗ್ರಹಿಸುತ್ತಾರೆ. ಕಣಗಳಿಗೆ ಎಂಟೆಂಟು ಗಂಟೆಗೊಂದು ಸೋಸುಕಾಗದ. ಬೆಳಿಗ್ಗೆ ಆರಕ್ಕೆ ಆರಂಭಿಸಿದ ಮಾದರಿ ಮಧ್ಯಾಹ್ನ ಎರಡಕ್ಕೆ ಮುಗಿದರೆ ಏಳೆಂಟರ ಕೊಳಕೂ ಹನ್ನೆರಡರ ನಿರ್ಮಲತೆಯೂ ಒಂದೇ ಕಾಗದದಲ್ಲಿ ಬೆರೆತುಹೋಗುತ್ತವೆ. ಗಂಟೆ ಗಂಟೆಯ ಅಂಕಿ ನೀಡುವ ಸ್ವಯಂಚಾಲಿತ ಕೇಂದ್ರ ಮೈಸೂರಿನ ಹೆಬ್ಬಾಳದಲ್ಲಿದೆ, ಅತ್ತ ಚಾಮರಾಜನಗರದಲ್ಲಿದೆ. ನಡುವೆ ನಂಜನಗೂಡಿದೆ. ಹೆಬ್ಬಾಳದ ಅಂಕಿಯಿಂದ ಕಪಿಲೆಯ ದಂಡೆಯ ಗಾಳಿಯನ್ನು ಊಹಿಸುವುದು, ಅಣ್ಣನ ನಾಡಿ ಹಿಡಿದು ತಮ್ಮನಿಗೆ ಔಷಧ ಕೊಟ್ಟಂತೆ. 2019ರಲ್ಲಿ ಕೇಂದ್ರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳಷ್ಟೇ ಸೇರಿವೆ. ಮೈಸೂರಿಗೇ ಜಾಗವಿಲ್ಲವೆಂದ ಮೇಲೆ ತಾಲ್ಲೂಕು ಕೇಂದ್ರಗಳ ಮಾತೆಲ್ಲಿ? ವಾಯುಮಾಲಿನ್ಯ ಮಹಾನಗರದ ರೋಗವೆಂಬ ನಮ್ಮ ಭ್ರಮೆಗೆ ದೆಹಲಿಯ ಚಿತ್ರಗಳೂ ಕಾರಣ. ದೆಹಲಿಯನ್ನು ನೋಡಿ ನಮ್ಮದು ಸ್ವರ್ಗವೆಂದುಕೊಳ್ಳುವುದು ಸುಲಭ.

ಗಂಟೆಗಳಿಗೆ ಇಷ್ಟೇಕೆ ಮಹತ್ವ ಎನ್ನುವವರಿಗೆ ನಮ್ಮ ಜಿಲ್ಲೆಯದೇ ಉತ್ತರವಿದೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಬರಹದಲ್ಲಿ ಸರಳ ಲೆಕ್ಕವೊಂದನ್ನು ಬಳಸಿದ್ದರು: ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಎಷ್ಟು ವರ್ಷಗಳಿಂದ, ಇವೆರಡರ ಗುಣಲಬ್ಧ. ಅದು 60 ಮುಟ್ಟಿದಲ್ಲಿಂದ ದೀರ್ಘಕಾಲಿಕ ಶ್ವಾಸನಾಳದ ಉರಿಯೂತದ ಅಪಾಯ ಸ್ಪಷ್ಟವಾಗುತ್ತದೆಂದು ಅವರು ಕಂಡರು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ಹದಿನೆಂಟಕ್ಕೆ ಒಲೆಯ ಮುಂದೆ ಕೂತವಳು ನಲವತ್ತು ದಾಟುವ ಮುನ್ನವೇ ಆ ಗೆರೆ ದಾಟಿರುತ್ತಾಳೆ, ಒಂದು ಬೀಡಿಯನ್ನೂ ಸೇದದೆ. ಇಲ್ಲಿ ದಿನದ ಸರಾಸರಿಯ ಪ್ರಸ್ತಾಪವೇ ಇಲ್ಲ. ಯಾವ ಗಂಟೆಯಲ್ಲಿ ಎಲ್ಲಿದ್ದಳು ಎಂಬುದಷ್ಟೇ ಲೆಕ್ಕ. ಸೂಕ್ಷ್ಮ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನು ಮುಟ್ಟಿ ರಕ್ತಕ್ಕೂ ಇಳಿಯಬಲ್ಲವು. ಕೆಲವೇ ಗಂಟೆಗಳ ಏರಿಕೆಯೂ ದುರ್ಬಲ ಹೃದಯದವರಿಗೆ ಅಪಾಯ ತರಬಲ್ಲದು ಎಂಬುದು ಈಗ ವೈದ್ಯಲೋಕ ಒಪ್ಪಿದ ಸಂಗತಿ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಇದೇ ಬಗೆಯ ಮುಚ್ಚಳ ಐದು ದಿನ ಕದಲದೆ ಕೂತಾಗ ಸತ್ತವರು ನಾಲ್ಕು ಸಾವಿರವೆಂದು ಅಂದಿನ ಲೆಕ್ಕ, ಅದಕ್ಕಿಂತ ಬಹಳ ಹೆಚ್ಚೆಂದು ನಂತರದ ಲೆಕ್ಕ. ನಮ್ಮ ಮುಚ್ಚಳವನ್ನು ಬಿಸಿಲು ಪ್ರತಿದಿನವೂ ತೆರೆಯುತ್ತದೆ. ಅದು ದಕ್ಷಿಣದ ಭಾಗ್ಯ, ನಮ್ಮ ಸಾಧನೆಯಲ್ಲ.

ಟಿ. ನರಸೀಪುರದ ಕಥೆ ತುಸು ಬೇರೆ. ಅಲ್ಲಿ ಚಿಮಣಿಗಳಿಗಿಂತ ಹೊಲಗಳದೇ ಪಾತ್ರ ದೊಡ್ಡದು. ಕಬ್ಬು ಕಟಾವಾದ ಮೇಲೆ ಉಳಿಯುವ ತರಗಿಗೆ ಬೆಂಕಿ ಹಚ್ಚಲು ರೈತ ಆರಿಸಿಕೊಳ್ಳುವುದು ಗಾಳಿ ತಗ್ಗಿದ ಸಂಜೆಯನ್ನು. ಬೆಂಕಿ ಪಕ್ಕದ ಗದ್ದೆಗೆ ಹಾರಬಾರದೆಂಬ ವಿವೇಕವೇ ಅದಕ್ಕೆ ಕಾರಣ. ಬೆಂಕಿಯ ದೃಷ್ಟಿಯಿಂದ ಸುರಕ್ಷಿತವಾದ ಆ ನಿಶ್ಚಲ ಸಂಜೆ ಹೊಗೆಯ ದೃಷ್ಟಿಯಿಂದ ಅತ್ಯಂತ ಕೆಟ್ಟದ್ದು. ರೈತನನ್ನು ಬೈದು ಪ್ರಯೋಜನವಿಲ್ಲ, ದಂಡದಿಂದಂತೂ ಏನೂ ಆಗದು. ತರಗನ್ನು ಸಾಲುಗಳ ನಡುವೆ ಹಾಸಿ ಮುಚ್ಚಿಗೆ ಮಾಡಿದರೆ ತೇವ ಉಳಿಯುತ್ತದೆ, ಮಣ್ಣಿಗೆ ಸಾವಯವ ಅಂಶ ಸೇರುತ್ತದೆ. ಅದನ್ನು ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುವಂತೆ ಮಾಡುವುದು ಕೃಷಿ ಇಲಾಖೆಯ ಹಾಗೂ ಕಬ್ಬು ಖರೀದಿಸುವ ಕಾರ್ಖಾನೆಗಳ ಹೊಣೆ. ಅಲ್ಲಿಯವರೆಗೆ, ಸುಡಲೇಬೇಕಾದವರು ಗಾಳಿ ಅಬ್ಬರಿಸದ ದಿನ ನೋಡಿ, ಸುತ್ತ ಬದು ಬಿಡಿಸಿಕೊಂಡು, ಮುಂಜಾನೆ ಹತ್ತರ ಮೇಲೆ ಸಣ್ಣ ಸಣ್ಣ ರಾಶಿಗಳಲ್ಲಿ ಸುಟ್ಟರೆ ಊರು ಅಷ್ಟಾದರೂ ಉಸಿರಾಡೀತು.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ಅದು ತೂಕದ ಆಕ್ಷೇಪಣೆಯೂ ಹೌದು. ಹೊತ್ತು ಬದಲಿಸಿದರೆ ಹೊಗೆ ಕಡಿಮೆಯಾದಂತಾಯಿತೇ? ಮಧ್ಯಾಹ್ನ ಬಿಟ್ಟ ಹೊಗೆ ಮೇಲೇರಿ ಬೇರೊಂದು ಊರಿಗೆ ಹೋಗುವುದಿಲ್ಲವೇ? ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ನೆಲಮಟ್ಟದ ಓಜೋನ್ ಏರುವುದರಿಂದ ಅದೂ ಸಂಪೂರ್ಣ ನಿರಪಾಯದ ಹೊತ್ತಲ್ಲ. ಹಗಲಿನ ಗಾಳಿಗೆ ಎದ್ದ ರಸ್ತೆಯ ದಪ್ಪ ದೂಳು ಪಿ.ಎಂ. 10ರ ಅಂಕಿಯನ್ನು ಹಗಲಿನಲ್ಲೇ ಏರಿಸುವುದೂ ಉಂಟು. ಹಾಗಾಗಿ ವೇಳಾಪಟ್ಟಿ ಶುದ್ಧೀಕರಣಕ್ಕೆ ಪರ್ಯಾಯವಾಗದು. ಬಾಯ್ಲರಿಗೆ ಸರಿಯಾದ ಸೋಸುಯಂತ್ರ, ಬಚ್ಚಲಿಗೆ ಸೌರ ಹಂಡೆ, ಬೀದಿಗೆ ಕಸ ವಿಂಗಡಣೆ ಇವು ಆಗಲೇಬೇಕು, ಆಗಲು ವರ್ಷಗಳೇ ಹಿಡಿಯುತ್ತವೆ. ವೇಳಾಪಟ್ಟಿ ಬದಲಿಸಲು ಒಂದು ಸುತ್ತೋಲೆ ಸಾಕು. ಬಾಯ್ಲರಿನ ಕೊಳವೆಗಳಿಗೆ ಅಂಟಿದ ಮಸಿಯನ್ನು ಊದಿ ತೆಗೆಯುವ ಕೆಲಸ ಪ್ರತಿ ಪಾಳಿಯಲ್ಲೂ ನಡೆಯುತ್ತದೆ. ಅದನ್ನು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ ಮಾಡಬೇಕೆಂದು ಪರವಾನಗಿಯ ಷರತ್ತಿನಲ್ಲಿ ಸೇರಿಸಲು ಮಂಡಳಿಗೆ ಯಾವ ಹೊಸ ಕಾನೂನೂ ಬೇಕಿಲ್ಲ, 1981ರ ವಾಯು ಕಾಯ್ದೆಯೇ ಸಾಕು. ಪೌರಕಾರ್ಮಿಕರು ಚಳಿಗಾಲದಲ್ಲಿ ನೀರು ಚಿಮುಕಿಸಿ ಗುಡಿಸುವಂತಾಗಲಿ. ಕಸಕ್ಕೆ ಬೆಂಕಿ ಬೀಳದಂತೆ ನೋಡುವ ಆರೋಗ್ಯ ನಿರೀಕ್ಷಕರ ಪಾಳಿ ಬೆಳಿಗ್ಗೆ ಐದಕ್ಕೆ ಆರಂಭವಾಗಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಶಾಲೆಗಳ ವ್ಯಾಯಾಮ ಮತ್ತು ಕ್ರೀಡಾಕೂಟದ ತಾಲೀಮು ಬೆಳಗಿನ ಏಳರಿಂದ ಮಧ್ಯಾಹ್ನ ಮೂರರ ಮೇಲಕ್ಕೆ ಸರಿದರೆ ಮಕ್ಕಳ ಪದಕಗಳೇನೂ ಕಡಿಮೆಯಾಗವು. ಹೃದ್ರೋಗಿಗಳ, ಆಸ್ತಮಾ ಇರುವವರ ನಡಿಗೆಗೂ ಇದೇ ಮಾತು. ಅವರು ಈ ಬಗ್ಗೆ ತಮ್ಮ ವೈದ್ಯರನ್ನು ಕೇಳಲಿ.

ಕೆಲವು ಸಾವಿರ ರೂಪಾಯಿಗೆ ಸಿಗುವ ಚಿಕ್ಕ ಮಾಪಕಗಳನ್ನು ಉತ್ಸಾಹಿಗಳು ಮನೆಯಲ್ಲಿ ಇಟ್ಟುಕೊಳ್ಳುವುದು ಈಚೆಗೆ ಹೆಚ್ಚಿದೆ. ಒಳ್ಳೆಯದೇ. ಆದರೆ ಅವು ಬೆಳಕಿನ ಚದುರುವಿಕೆಯಿಂದ ಕಣಗಳನ್ನು ಎಣಿಸುತ್ತವೆ. ತೇವ ಹೀರಿ ಹಿಗ್ಗಿದ ಕಣವನ್ನು ದೊಡ್ಡದೆಂದೇ ಲೆಕ್ಕ ಹಾಕುತ್ತವೆ. ನದಿ ದಂಡೆಯ ಮಂಜಿನ ಬೆಳಗಿನಲ್ಲಿ ಅವುಗಳ ಅಂಕಿ ವಾಸ್ತವಕ್ಕಿಂತ ಹೆಚ್ಚಾಗಿರುವ ಸಂಭವವಿದೆ. ಆದ್ದರಿಂದಲೇ ಪ್ರತಿ ಊರಿನಲ್ಲೂ ಪ್ರಮಾಣೀಕೃತ ಕೇಂದ್ರವೊಂದಿದ್ದು, ಅದರೊಡನೆ ಇವನ್ನು ಹೋಲಿಸಿ ತಿದ್ದಿಕೊಳ್ಳುವಂತಾಗಬೇಕು. ನಗರಸಭೆ, ಪುರಸಭೆಗಳಿಗೆ ಇದು ದೊಡ್ಡ ಹೊರೆಯೆನಿಸಿದರೆ ತಾಂಡ್ಯ ಹಾಗೂ ನಂಜನಗೂಡು ಕೈಗಾರಿಕಾ ಪ್ರದೇಶಗಳ ಉದ್ದಿಮೆಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿದೆ. ಹಣ ಅವರದಾಗಲಿ, ಮಾಪಕದ ಉಸ್ತುವಾರಿ ಮಾತ್ರ ಅವರ ಕೈಯಲ್ಲಿರದಿರಲಿ.

ತಿರುಮಕೂಡಲಿನಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರವರಿಯಲ್ಲಿ ಮೂರು ದಿನ ನಡೆಯಿತು. ಮೂರು ವರ್ಷದ ಲೆಕ್ಕದಲ್ಲಿ ಮುಂದಿನದು 2028ರ ಮಾಘದಲ್ಲಿ ಬರಬೇಕು: ಚಳಿಗಾಲ, ನದಿಯ ತಗ್ಗು, ಮುಂಜಾನೆಯ ಪುಣ್ಯಸ್ನಾನ, ಲಕ್ಷಾಂತರ ಜನ, ನೂರಾರು ವಾಹನ, ಅನ್ನಸಂತರ್ಪಣೆಯ ಒಲೆಗಳು. ಜಿಲ್ಲಾಡಳಿತ ಸಿದ್ಧಪಡಿಸುವ ಪಟ್ಟಿಯಲ್ಲಿ ಕುಡಿಯುವ ನೀರು, ಶೌಚಾಲಯ, ಆಂಬುಲೆನ್ಸ್‌ಗಳ ಜೊತೆಗೆ ಗಂಟೆ ಗಂಟೆಯ ಅಂಕಿ ತೋರಿಸುವ ಗಾಳಿಯ ಮಾಪಕವೂ ಒಂದು ಸಾಲು ಪಡೆಯಲಿ. ವಾಹನ ನಿಲ್ದಾಣ ಮತ್ತು ಅಡುಗೆ ಶಾಲೆಗಳನ್ನು ಸ್ನಾನಘಟ್ಟದಿಂದ ಎಷ್ಟು ದೂರ ಇಡಬೇಕೆಂಬುದನ್ನು ಆ ಅಂಕಿ ನೋಡಿ ನಿರ್ಧರಿಸಬಹುದು. ಮೇಳ ಮುಗಿದ ಮೇಲೆ ಶಾಮಿಯಾನದ ಜೊತೆಗೆ ಅದನ್ನೂ ಬಿಚ್ಚಿಕೊಂಡು ಹೋಗದೆ ಅಲ್ಲೇ ಬಿಟ್ಟು ಬರಲಿ.